ಸೀಳುತುಟಿ ಮಗುವಿನ ಮೇಲ್ಹಲ್ಲು ಹುಳುಕಾಗದಂತೆ ಏನು ಮಾಡಬೇಕು?

ಪ್ರಶ್ನೆ: ಮಗುವಿಗೆ ಎರಡೂವರೆ ವರ್ಷ. ಸೀಳುತುಟಿ, ಸೀಳು ಅಂಗುಳ (ಬಾಯಿಯ ಮೇಲ್ಭಾಗದ ಸೀಳು) ಎರಡಕ್ಕೂ ಆಪರೇಷನ್ ಆಗಿದೆ. ಸೀಳಿನ ಪಕ್ಕದ ಹಲ್ಲು ಓರೆಯಾಗಿ ಬಂದಿದೆ, ಬುಡದಲ್ಲಿ ಬಿಳಿ ಗೆರೆ. ಅಲ್ಲಿಗೆ ಬ್ರಷ್ ಹೋಗಲ್ಲ.

ಉತ್ತರ 1: ಆ ಗೆರೆ ಹುಳುಕಿನ ಮೊದಲ ಹಂತ ಇರಬಹುದು, ಗುಳಿ ಬೀಳೋ ಮುಂಚೆ ತಡೆಯಬಹುದು. ಸೀಳಿನ ಪಕ್ಕದ ಹಲ್ಲಿನ ಎನಾಮಲ್ (ಹೊರಗಿನ ಗಟ್ಟಿ ಪದರ) ಎಷ್ಟೋ ಸಲ ಹುಟ್ಟುತ್ತಲೇ ತೆಳು. ಹೊಲಿಗೆಯ ಕಲೆಯಿಂದ ತುಟಿ ಬಿಗಿದಿರುತ್ತೆ, ಅದಕ್ಕೇ ಬ್ರಷ್ ಹೋಗೋದು ಕಷ್ಟ. ಮಗುವಿನ ತಲೆ ನಿಮ್ಮ ತೊಡೆ ಮೇಲಿರಲಿ. ಬೆರಳಿನಿಂದ ತುಟಿ ಮೆಲ್ಲಗೆ ಎತ್ತಿ, ಚಿಕ್ಕ ತಲೆಯ ಮೆದು ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ಓರೆ ಹಲ್ಲೊಂದನ್ನೇ ಬೇರೆಯಾಗಿ ಉಜ್ಜಿ. 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಫ್ಲೋರೈಡ್ ಇರುವ ಪೇಸ್ಟ್, ಅಕ್ಕಿಕಾಳಷ್ಟು. ಮಕ್ಕಳ ಪೇಸ್ಟ್ ಅಂತ ಮಾರೋ ಕೆಲವದರಲ್ಲಿ ಫ್ಲೋರೈಡೇ ಇರಲ್ಲ, ಟ್ಯೂಬ್ ಓದಿ ತಗೊಳ್ಳಿ.

ಉತ್ತರ 2: ರಾತ್ರಿ ಬಾಟಲಿ ಹಾಲಿದ್ದರೆ ದಯವಿಟ್ಟು ಬಿಡಿಸಿ. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಹಾಲು ಮೇಲ್ಹಲ್ಲಿಗೆ ಅಂಟಿ ಕೂರುತ್ತೆ. ಅಂಗುಳದಲ್ಲಿ ತೂತು ಉಳಿದಿದ್ದರೆ, ಅಲ್ಲಿ ಸಿಕ್ಕಿದ ಊಟ ತೊಳೆದುಹೋಗಲು ಊಟವಾದ ಮೇಲೆ ನೀರು ಕುಡಿಸಿ.

ಉತ್ತರ 3: ಮಕ್ಕಳ ದಂತವೈದ್ಯರಲ್ಲಿ 3 ತಿಂಗಳಿಗೊಮ್ಮೆ 5% ಸೋಡಿಯಂ ಫ್ಲೋರೈಡ್ ವಾರ್ನಿಷ್ (ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ) ಹಚ್ಚಿಸಿ. ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಅಂತ ಬಿಡಬೇಡಿ. ವಸಡೂ ಸೀಳಿದ್ದರೆ ಸಾಮಾನ್ಯವಾಗಿ 8–11 ವಯಸ್ಸಿನಲ್ಲಿ ಅಲ್ಲಿಗೆ ಮೂಳೆ ಕಸಿ ಮಾಡ್ತಾರೆ; ಅಕ್ಕಪಕ್ಕ ಹುಳುಕು, ಕೀವು ಇದ್ದರೆ ಅದು ವಾಸಿಯಾಗುವ ತನಕ ಕಸಿ ಮುಂದೂಡಬೇಕಾಗುತ್ತೆ.