ಸಹಾಯ ಬೇಕು: ಮೈ ಏಳದ ದಿನ ಏನು ಮಾಡುತ್ತೀರಿ?

ರಾಯಚೂರಿನಲ್ಲಿದ್ದೇನೆ. ಖಿನ್ನತೆಗೆ ಮಾತ್ರೆ ಶುರುವಾಗಿ 3 ವಾರವಾಯಿತು. ಗುಣ ಚೆನ್ನಾಗಿ ಕಾಣಲು 4ರಿಂದ 8 ವಾರ ಬೇಕೆಂದು ಡಾಕ್ಟರು ಹೇಳಿದ್ದಾರೆ. ಅಲ್ಲಿಯವರೆಗೆ ಸಣ್ಣಪುಟ್ಟ ಕೆಲಸ ಹಿಡಿಯಬೇಕಂತೆ. ಬೆಳಗ್ಗೆ ತುಳಸಿಗೆ ಒಂದು ತಂಬಿಗೆ ನೀರು, ಸ್ನಾನ, ಸಂಜೆ ಓಣಿಯ ತುದಿಯವರೆಗೆ ನಡಿಗೆ. 11 ದಿನ ನಡೆಯಿತು. ಈಗ ನಾಲ್ಕು ದಿನದಿಂದ ತಂಬಿಗೆ ತುಂಬಿಸಿ ಕಟ್ಟೆಯ ಮೇಲಿಡುತ್ತೇನೆ, ಅಷ್ಟೇ. ಮಧ್ಯಾಹ್ನ ನೋಡಿದರೆ ನೀರು ಕಾದಿರುತ್ತದೆ (ಇಲ್ಲಿಯ ಬಿಸಿಲು ನಿಮಗೆ ಗೊತ್ತು). ಅತ್ತೆಯವರು ‘ಮೈಗಳ್ಳತನ’ ಎನ್ನುತ್ತಾರೆ. ನನಗೂ ಅನುಮಾನ ಬಂದಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದೆ, ಕನ್ನಡದಲ್ಲೇ ಸಮಾಧಾನವಾಗಿ ಮಾತನಾಡಿದರು. ಮಾತ್ರೆ ಬಿಟ್ಟಿಲ್ಲ.

ಗೊಂದಲ ಇಷ್ಟೇ: ಇಂಥ ದಿನ ಹಟ ಹಿಡಿದು ಮೂರನ್ನೂ ಮಾಡಬೇಕೋ, ಒಂದಕ್ಕೇ ಇಳಿಸಿಕೊಳ್ಳಬೇಕೋ? ಇದನ್ನು ದಾಟಿ ಬಂದವರು ಯಾವುದನ್ನು ಉಳಿಸಿಕೊಂಡಿರಿ?