ಔಷಧ ಗ್ರಾಹಿಯ ಮೇಲೆ ‘ಕೂರುವುದು’, ಪೊರೆಯಲ್ಲಿ ‘ಹುದುಗುವುದು’: ಈ ಪದಗಳು ಸರಿಯೇ?

ಗೆಳೆಯರೇ, ಮನೋರೋಗದ ಔಷಧಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ರಾಸಾಯನಿಕ ಸಂದೇಶವನ್ನು ಹಿಡಿದುಕೊಳ್ಳುವ, ಜೀವಕೋಶದ ಪ್ರೋಟೀನಾದ ರಿಸೆಪ್ಟರ್‌ಗೆ ‘ಗ್ರಾಹಕ’ ಅಂತ ಬರೆಯುವುದುಂಟು. ಆದರೆ ಗ್ರಾಹಕ ಅಂದ ಕೂಡಲೇ ಕೊಳ್ಳುವವರು ನೆನಪಾಗುತ್ತಾರೆ, ಅಲ್ವಾ? ಸದ್ಯಕ್ಕೆ ‘ಗ್ರಾಹಿ’ ಇಟ್ಟುಕೊಂಡಿದ್ದೇನೆ.

ದೊಡ್ಡ ತೊಡಕಿರುವುದು ‘ತಡೆ’ಯಲ್ಲಿ. ಡೋಪಮೈನ್, ಸೆರೊಟೋನಿನ್, ಗಾಬಾ ಇವು ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳು. ಸೈಕೋಸಿಸ್‌ಗೆ (ಭ್ರಮೆಗಳಿಂದ ವಾಸ್ತವದ ಅರಿವು ತಪ್ಪುವ ಸ್ಥಿತಿಗೆ) ಕೊಡುವ ಹ್ಯಾಲೊಪೆರಿಡಾಲ್, ಡೋಪಮೈನ್‌ನ ಡಿ2 ಎಂಬ ಗ್ರಾಹಿಯ ಮೇಲೆ ಹೋಗಿ ಕೂರುತ್ತದೆ. ತಾನೂ ಅದನ್ನು ಚುರುಕುಗೊಳಿಸುವುದಿಲ್ಲ, ಡೋಪಮೈನ್‌ಗೂ ಜಾಗ ಬಿಡುವುದಿಲ್ಲ. ಡೋಪಮೈನ್‌ನ ಸಂದೇಶ ಕಡಿಮೆಯಾಗುತ್ತದೆ. ಖಿನ್ನತೆಯ ಔಷಧ ಫ್ಲುಯೊಕ್ಸೆಟಿನ್ ತಡೆಯುವುದು ಗ್ರಾಹಿಯನ್ನಲ್ಲ, ಸೆರೊಟೋನಿನ್ ಅನ್ನು ನರಕೋಶದೊಳಕ್ಕೆ ವಾಪಸ್ ಎಳೆದುಕೊಳ್ಳುವ ಪ್ರೋಟೀನನ್ನು. ಹಾಗಾಗಿ ಹೊರಗೆ ಸೆರೊಟೋನಿನ್ ಜಾಸ್ತಿಯಾಗುತ್ತದೆ. ಎರಡಕ್ಕೂ ಸುಮ್ನೆ ‘ತಡೆಯುತ್ತದೆ’ ಎಂದು ಬರೆದರೆ ಮಾತ್ರೆ ನುಂಗುವವರು ಏನಂತ ತಿಳಿಯಬೇಕು? ಮೊದಲನೆಯದಕ್ಕೆ ‘ಗ್ರಾಹಿಮುಚ್ಚುಕ’, ಎರಡನೆಯದಕ್ಕೆ ‘ಮರುಹೀರಿಕೆ ತಡೆ’ ಆದೀತೇ? ಆತಂಕಕ್ಕೆ ಕೊಡುವ ಡಯಾಜೆಪಾಮ್ ಇನ್ನೂ ಬೇರೆ. ಅದು ಗಾಬಾ ಕೂರುವ ಜಾಗಕ್ಕೆ ಹೋಗದೆ, ಅದೇ ಗ್ರಾಹಿಯ ಮತ್ತೊಂದು ಕಡೆ ಕೂತು ಗಾಬಾದ ಕೆಲಸವನ್ನು ಹೆಚ್ಚಿಸುತ್ತದೆ. ಅದಕ್ಕೆ ‘ಇಂಬುಕೊಡುಗ’ ಎನ್ನೋಣವೇ?

ಇನ್ನು ಜೀವಕೋಶವನ್ನು ಸುತ್ತುವರಿದ ಪೊರೆಯ ವಿಷಯ. ಪ್ಯಾರಿಸ್‌ನಲ್ಲಿ 1952ರಲ್ಲಿ ಮನೋರೋಗಿಗಳಿಗೆ ಕೊಡಲು ಶುರು ಮಾಡಿದ ಕ್ಲೋರ್‌ಪ್ರೊಮಜೀನ್ ನೋಡಿ. ಅದರ ಅಣುವಿನ ಒಂದು ಭಾಗ ಕೊಬ್ಬಿನ ಜೊತೆ ಬೆರೆಯುತ್ತದೆ, ಇನ್ನೊಂದು ತುದಿ ನೀರಿನ ಜೊತೆ. ಅದಕ್ಕೇ ಗ್ರಾಹಿ ಇಲ್ಲದ ಕಡೆಯಲ್ಲೂ ಅದು ಪೊರೆಯ ಕೊಬ್ಬಿನ ಪದರ ಸೇರಿಬಿಡುತ್ತದೆ. ಕೆಂಪು ರಕ್ತಕಣಗಳಿಗೆ ಇದನ್ನು ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಪೊರೆಯ ಎರಡು ಪದರಗಳ ಪೈಕಿ ಔಷಧ ಒಳಪದರದಲ್ಲಿ ಜಾಸ್ತಿ ತುಂಬಿಕೊಳ್ಳುತ್ತದೆ, ಆ ಪದರ ಹಿಗ್ಗುತ್ತದೆ, ಕಣ ಬಟ್ಟಲಿನ ಹಾಗೆ ಒಳಕ್ಕೆ ಬಾಗುತ್ತದೆ. ಇದಕ್ಕೆ ‘ಅಂಟು’ ಸಾಲದು, ಅದು ಮೇಲ್ಮೈಯ ಮಾತು. ‘ಕರಗು’ ಅಂದರೆ ಪೊರೆಯೇ ಕರಗಿತೆಂದು ಓದುಗರು ಹೆದರಬಹುದು. ನನಗೆ ಒಪ್ಪುವುದು ‘ಹುದುಗು’.

ಕೂರುವುದನ್ನೂ ಹುದುಗುವುದನ್ನೂ ಬೇರೆ ಇಡಲು ಕಾರಣವಿದೆ. ಸೈಕೋಸಿಸ್ ಔಷಧಗಳು ಡಿ2 ಗ್ರಾಹಿಯ ಮೇಲೆ ಬಿಗಿಯಾಗಿ ಕೂತಷ್ಟೂ ಕಡಿಮೆ ಡೋಸ್ ಸಾಕು ಎಂಬುದು 1970ರ ದಶಕದಲ್ಲೇ ತಿಳಿಯಿತು. ಪೊರೆಯಲ್ಲಿ ಹುದುಗುವುದೊಂದರಿಂದ ಇದನ್ನು ವಿವರಿಸಲಾಗದು.

ನಿಮ್ಮಲ್ಲಿ ವೈದ್ಯರು, ನರ್ಸ್‌ಗಳು ಇದ್ದರೆ ದಯವಿಟ್ಟು ತಿಳಿಸಿ: ರೋಗಿಗಳ ಜೊತೆ ಮಾತಾಡುವಾಗ ಇವಕ್ಕೆ ಯಾವ ಪದ ಬಳಸುತ್ತೀರಿ? ಅರೆಬರೆಯಾಗಿ ಮಾತ್ರ ಡಿ2 ಗ್ರಾಹಿಯನ್ನು ಚುರುಕುಗೊಳಿಸುವ ಅರಿಪಿಪ್ರಜೋಲ್ ಎಂಬ ಸೈಕೋಸಿಸ್ ಔಷಧಕ್ಕೆ ನನ್ನ ಬಳಿ ಪದವೇ ಇಲ್ಲ.