ಅಪ್‌ಡೇಟ್: ಸೇವಂತಿಗೆ ತೋಟಕ್ಕೆ ವೈರ್, ಬಲ್ಬ್ ಹಾಕಿ ಆಯ್ತು

ಚಿಕ್ಕಬಳ್ಳಾಪುರದ ಹತ್ತಿರ ನಮ್ಮ ಸೇವಂತಿಗೆ ತೋಟಕ್ಕೆ ರಾತ್ರಿ ಲೈಟ್ ಹಾಕಬೇಕು, ಯಾವ ವೈರ್, ಯಾವ ಬಲ್ಬ್ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಯಾಕೆ ಲೈಟ್ ಅಂತ ಕೆಲವರು ಕೇಳಿದ್ರಿ. ರಾತ್ರಿ ಉದ್ದ ಆದರೆ ಸೇವಂತಿಗೆ ಬೇಗ ಮೊಗ್ಗು ಕಟ್ಟುತ್ತೆ. ಮಧ್ಯರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟರೆ ಗಿಡ ಮೊದಲು ಚೆನ್ನಾಗಿ ಬೆಳೆಯುತ್ತೆ, ಹೂವು ನಮಗೆ ಬೇಕಾದ ಸಮಯಕ್ಕೆ ಬರುತ್ತೆ.

9 ವ್ಯಾಟಿನ ಎಲ್‌ಇಡಿ ಬಲ್ಬ್ 60 ಹಾಕಿಸಿದೆ. ಲೆಕ್ಕಕ್ಕೆ 540 ವ್ಯಾಟ್ ಅಷ್ಟೇ. ಹಳೇ 60 ವ್ಯಾಟಿನ ತಂತಿ ಬಲ್ಬ್ ಆಗಿದ್ದರೆ 3,600 ವ್ಯಾಟ್, ಅಂದ್ರೆ 15 ಆಂಪಿಯರ್‌ಗಿಂತ ಜಾಸ್ತಿ, ಅದಕ್ಕೆ ವೈರ್ ಕೂಡ ದಪ್ಪ ಬೇಕಾಗುತ್ತಿತ್ತು.

ಅಂಗಡಿಯವರು ಮದುವೆ ಮನೆ ಸೀರಿಯಲ್ ಸೆಟ್‌ಗೆ ಬಳಸೋ ತೆಳು ಜೋಡಿ ವೈರ್ ಸಾಕು ಅಂದರು, ಬೇಡ ಅಂದೆ. ಒಂದೆರಡು ದಿನದ ಅಲಂಕಾರಕ್ಕೆ ಅದು ಸರಿ, ಬಿಸಿಲು, ಮಳೆ, ಔಷಧಿ ಸಿಂಪಡಣೆ ಎಲ್ಲಾ ತಡೆಯೋಕೆ ಆಗಲ್ಲ, ಸಿಪ್ಪೆ ಬಿರುಕು ಬಿಡುತ್ತೆ. ಎರಡು ಪದರ ಹೊದಿಕೆಯ ಮೂರು ಕೋರ್ (ಒಳಗೆ ಮೂರು ವೈರ್ ಇರೋ) ರೌಂಡ್ ಕೇಬಲ್ ತಂದೆ, 2.5 ಚದರ ಮಿ.ಮೀ. ತಾಮ್ರದ್ದು. ಉದ್ದ ಎಳೆದಾಗ ಕೊನೆಯ ಬಲ್ಬಿಗೆ ವೋಲ್ಟೇಜ್ ಇಳಿಯೋದು ಇದರಲ್ಲಿ ಕಡಿಮೆ.

ಹೋಲ್ಡರ್ ರಬ್ಬರ್ ವಾಷರ್ ಇರೋದು, ಬಾಯಿ ಕೆಳಗೆ ಮಾಡಿ ಕಟ್ಟಿದ್ದೀವಿ, ನೀರು ಒಳಗೆ ನಿಲ್ಲಲ್ಲ. ಜಾಯಿಂಟ್ ಎಲ್ಲಾ ಡಬ್ಬಿ ಒಳಗೇ ಇದೆ, ಬರೀ ಟೇಪ್ ಸುತ್ತಿಲ್ಲ. ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡೋರು ನಾವು, ಹಾಗಾಗಿ ನೀವು ಹೇಳಿದ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್) ಮೊದಲೇ ಕೂರಿಸಿದೆ, ಅದರ ಟೆಸ್ಟ್ ಬಟನ್ ಒತ್ತಿದರೆ ಟಕ್ ಅಂತ ಬೀಳುತ್ತೆ.

ಟೈಮರ್ ಇನ್ನೂ ತಂದಿಲ್ಲ. ಸದ್ಯಕ್ಕೆ ಅಣ್ಣನೇ ಎದ್ದು ಆನ್ ಮಾಡ್ತಾನೆ.